ಬೆನ್ನೆಲುಬಿನ ಕ್ಷಯವನ್ನು ಕಾಣುವ ಬಗೆ

ಕ್ಷಯವೆಂದೊಡನೆ ನಮ್ಮ ಮನಸ್ಸು ಶ್ವಾಸಕೋಶದ ಕಡೆಗೆ ಹರಿಯುತ್ತದೆ. ಆದರೆ ಅದೇ ರೋಗಾಣು ರಕ್ತದ ಮೂಲಕ ಬೆನ್ನೆಲುಬನ್ನೂ ಸೇರಬಲ್ಲುದು. ಅಲ್ಲಿ ಅದು ಕಶೇರುಮಣಿಗಳನ್ನು ಸಾಮಾನ್ಯವಾಗಿ ಮುಂಭಾಗದಿಂದ ಸವೆಸುತ್ತ ಹೋಗುತ್ತದೆ. ಮಣಿಗಳು ಕುಸಿದು ಬೆನ್ನು ಗೂನಾಗುತ್ತದೆ; ಬೆನ್ನುಹುರಿಯ ಮೇಲೆ ಒತ್ತಡ ಬಿದ್ದರೆ ಕಾಲುಗಳ ಸ್ವಾಧೀನವೇ ತಪ್ಪಬಹುದು. 1779ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಪರ್ಸಿವಲ್ ಪಾಟ್ ಇದನ್ನು ವರ್ಣಿಸಿದುದರಿಂದ ಪಾಟ್ ರೋಗವೆಂಬ ಹೆಸರು ಬಂದಿತು. ರೋಗವಾದರೋ ಬಹು ಪುರಾತನವಾದುದು. ಸುಮಾರು 3000 ವರ್ಷಗಳ ಹಿಂದಿನ ಈಜಿಪ್ಟಿನ ಪುರೋಹಿತನೊಬ್ಬನ ಮಮ್ಮಿಯಲ್ಲಿ ಗೂನುಬೆನ್ನನ್ನೂ ಕೀವು ಇಳಿದ ಗುರುತನ್ನೂ ಕಂಡು ವಿದ್ವಾಂಸರು 1910ರಲ್ಲಿ ಪ್ರಕಟಿಸಿದರು.

ಇಂದು ಈ ರೋಗಕ್ಕೆ ಔಷಧವುಂಟು. ಪ್ರಶ್ನೆಯೆಲ್ಲ ಕಾಲದ್ದು: ಮಣಿ ಕುಸಿಯುವ ಮುನ್ನ ರೋಗ ಕಣ್ಣಿಗೆ ಬಿದ್ದೀತೆ? ರೋಗಿ ಕ್ಷ-ಕಿರಣ ಚಿತ್ರ ತೆಗೆಸುತ್ತಾನೆ. ಚಿತ್ರದಲ್ಲಿ ದೋಷವೇನೂ ತೋರದು. ನಿಶ್ಚಿಂತೆಯಿಂದ ಮನೆಗೆ ಮರಳುತ್ತಾನೆ. ಈ ನಿಶ್ಚಿಂತೆ ಕೆಲವೊಮ್ಮೆ ಅಪಾಯಕಾರಿಯಾದುದು. ನಾವು ಭೌತವಿಜ್ಞಾನವನ್ನು ಬೋಧಿಸುವವರು, ವೈದ್ಯರಲ್ಲ. ಆದರೂ ಚಿತ್ರವೇಕೆ ಮೌನವಾಗಿರುತ್ತದೆಂಬುದನ್ನು ವಿವರಿಸಬಲ್ಲೆವು.

ಕ್ಷ-ಕಿರಣಗಳನ್ನು ವಸ್ತುಗಳು ಹೀರುವ ಒಂದು ಮುಖ್ಯ ಕ್ರಮದಲ್ಲಿ, ತೂಕಕ್ಕೆ ತೂಕ ಹೋಲಿಸಿದರೆ, ಹೀರಿಕೆಯು ಪರಮಾಣುಸಂಖ್ಯೆಯ ಘನದಂತೆ ಏರುತ್ತದೆ. ಆಕ್ಸಿಜನ್ನಿನ ಸಂಖ್ಯೆ 8, ಕ್ಯಾಲ್ಸಿಯಮ್ಮಿನದು 20. ವಾಚಕರೇ ಲೆಕ್ಕ ಹಾಕಲಿ: ಕ್ಯಾಲ್ಸಿಯಂ ಹದಿನೈದು ಪಟ್ಟಿಗೂ ಹೆಚ್ಚು ಹೀರುತ್ತದೆ. ಆದುದರಿಂದ ಚಿತ್ರದಲ್ಲಿ ನಾವು ನೋಡುವುದು ಮುಖ್ಯವಾಗಿ ಮೂಳೆಯ ಸುಣ್ಣದ ನೆರಳನ್ನು. ಸೋಂಕು ಮೊದಲಾಗುವುದಾದರೋ ಒಳಗಣ ಮಜ್ಜೆಯಲ್ಲಿ. ಸುಣ್ಣದಲ್ಲಿ ಮೂರನೆಯ ಒಂದು ಪಾಲಿನಿಂದ ಅರ್ಧದವರೆಗೆ ಕರಗಿದ ಹೊರತು ನೆರಳಿನ ವ್ಯತ್ಯಾಸ ಕಣ್ಣಿಗೆ ತೋರದು. ಗೆದ್ದಲು ಹಿಡಿದ ತೊಲೆ ಹೊರಗಿನಿಂದ ಗಟ್ಟಿಯಾಗಿಯೇ ಕಾಣುವುದಿಲ್ಲವೆ? ಕೀವು ಹುಟ್ಟಿಸುವ ಸಾಮಾನ್ಯ ರೋಗಾಣುಗಳ ಸೋಂಕಿನಲ್ಲೇ 10-14 ದಿನ ಬೇಕಾಗುತ್ತದೆ. ಮಂದಗತಿಯ ಕ್ಷಯದಲ್ಲಿ ತಿಂಗಳುಗಳೇ ಕಳೆಯಬಹುದು.

ಎಂ.ಆರ್.ಐ. ಯಂತ್ರವು ಸುಣ್ಣವನ್ನು ಕೇಳುವುದೇ ಇಲ್ಲ; ಅದು ವಿಚಾರಿಸುವುದು ಹೈಡ್ರೊಜನ್ನನ್ನು. ಪ್ರಬಲ ಕಾಂತಕ್ಷೇತ್ರದಲ್ಲಿ ಹೈಡ್ರೊಜನ್ನಿನ ಬೀಜಾಣು ಓಲಾಡುವ ಬುಗುರಿಯಂತೆ ವರ್ತಿಸುತ್ತದೆ. 1.5 ಟೆಸ್ಲ ಕ್ಷೇತ್ರದಲ್ಲಿ, ಎಂದರೆ ಭೂಮಿಯ ಕಾಂತಕ್ಷೇತ್ರದ ಸುಮಾರು 30,000 ಪಟ್ಟಿನಲ್ಲಿ, ಈ ಓಲಾಟ ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸಲ. ಅದೇ ಆವೃತ್ತಿಯ ರೇಡಿಯೊ ಅಲೆ ಬಡಿದಾಗ ಬೀಜಾಣುಗಳು ಶಕ್ತಿಯನ್ನು ಹೀರಿ, ಬಳಿಕ ಸಂಕೇತವನ್ನು ಮರಳಿಸುತ್ತವೆ. 1946ರಲ್ಲಿ ಬ್ಲಾಕ್ ಮತ್ತು ಪರ್ಸೆಲ್ ಕಂಡುಹಿಡಿದ ಈ ಅನುರಣನದಿಂದ ಚಿತ್ರ ರಚಿಸುವ ಉಪಾಯವನ್ನು 1973ರಲ್ಲಿ ಲಾಟರ್‌ಬರ್ ತೋರಿಸಿದನು.

ವಯಸ್ಕರ ಮಜ್ಜೆಯಲ್ಲಿ ಕೊಬ್ಬು ಸಾಕಷ್ಟಿರುತ್ತದೆ. ಸೋಂಕು ತಗುಲಿದೆಡೆಯಲ್ಲಿ ನೀರು ತುಂಬಿಕೊಳ್ಳುತ್ತದೆ. ಒಂದು ವಿಧದ ಚಿತ್ರದಲ್ಲಿ ಕೊಬ್ಬು ಬೆಳ್ಳಗೆ, ರೋಗ ಕಪ್ಪಗೆ. ಇನ್ನೊಂದರಲ್ಲಿ ಕೊಬ್ಬಿನ ಸದ್ದಡಗಿಸಿದರೆ ನೀರೇ ಬೆಳಗುತ್ತದೆ. ನೀರಿಗೂ ಕೊಬ್ಬಿಗೂ ಓಲಾಟದಲ್ಲಿರುವ ವ್ಯತ್ಯಾಸ ಸೆಕೆಂಡಿಗೆ ಸುಮಾರು 220 ಮಾತ್ರ. ಕೋಟಿಗಳ ನಡುವಣ ಈ ಅಲ್ಪ ಅಂತರವನ್ನೂ ಹಿಡಿದು ಎರಡನ್ನೂ ಬೇರ್ಪಡಿಸಬಹುದೆಂಬುದು ನಮಗೆ ಇಂದಿಗೂ ಸೋಜಿಗವೇ. ಹೀಗೆ ಮಣಿ ಇನ್ನೂ ನೆಟ್ಟಗಿರುವಾಗಲೇ ರೋಗ ಬಯಲಾಗುತ್ತದೆ.

ಮಣಿಗಳ ನಡುವಣ ಬಿಲ್ಲೆಯೂ ಸುಳಿವು ಕೊಡುತ್ತದೆ. ಕೀವಿನ ರೋಗಾಣುಗಳು ಅದನ್ನು ಬೇಗನೆ ನಾಶಮಾಡುತ್ತವೆ. ಕ್ಷಯದಲ್ಲಿ ಅದು ಬಹುಕಾಲ ಉಳಿಯಬಹುದು. ಆದರೆ ಚಿತ್ರವು ರೋಗಾಣುವಿನ ಹೆಸರನ್ನು ಹೇಳದು. ಅದಕ್ಕೆ ಸಿ.ಟಿ. ಚಿತ್ರದ ಸಹಾಯದಿಂದ ಸೂಜಿ ತೂರಿಸಿ, ಚೂರೊಂದನ್ನು ತೆಗೆದು ಪರೀಕ್ಷಿಸಬೇಕು. ವಾರಗಟ್ಟಲೆ ಬಿಡದ ಬೆನ್ನುನೋವಿನೊಡನೆ ಸಂಜೆಜ್ವರ, ತೂಕದ ಇಳಿತ, ಕಾಲುಗಳಲ್ಲಿ ನಿಶ್ಶಕ್ತಿ ತೋರಿದರೆ, ಕ್ಷ-ಕಿರಣ ಚಿತ್ರ ಚೆನ್ನಾಗಿದೆಯೆಂದು ಸುಮ್ಮನಿರದೆ ವೈದ್ಯರನ್ನು ಮತ್ತೆ ಕಾಣಬೇಕು.

ಮದ್ದು ಹತ್ತಿ ರೋಗಿ ಎದ್ದು ನಡೆದಾಡುತ್ತಿರುವಾಗಲೂ ಎಂ.ಆರ್.ಐ. ಚಿತ್ರದಲ್ಲಿ ಆ ಬೆಳಕು ತಿಂಗಳುಗಟ್ಟಲೆ ಆರದಿರುವುದುಂಟು. ಆಗ ವೈದ್ಯರು ಚಿತ್ರಕ್ಕಿಂತ ರೋಗಿಯ ನೋವಿಗೂ ಕಾಲಿನ ಕಸುವಿಗೂ ಹೆಚ್ಚು ಬೆಲೆ ಕೊಡುತ್ತಾರೆ.