ಹಳೆಯ ಕೀಲಿಮಣೆಯಲ್ಲಿ ಹೊಸ ನಾದ

ಉಜಿರೆಯಿಂದ ಚಾರ್ಮಾಡಿ ಘಾಟಿಯತ್ತ ಸಾಗುವ ಹಾದಿಯಲ್ಲಿ ಕಕ್ಕಿಂಜೆ ಎಂಬ ಊರು ಸಿಗುತ್ತದೆ. ಈ ಸೀಮೆಯ ಯಕ್ಷಗಾನವನ್ನು ಕಂಡವರು ಒಂದು ಸಂಗತಿಯನ್ನು ಗಮನಿಸಿರಬಹುದು. ಭಾಗವತರ ಬೆನ್ನಿಗೆ ಶ್ರುತಿ ಹಿಡಿಯುತ್ತಿದ್ದ ತಿದಿಯ ಪೆಟ್ಟಿಗೆಯ ಸ್ಥಾನದಲ್ಲಿ ಈಗ ಅನೇಕ ಕಡೆ ವಿದ್ಯುತ್ ಶ್ರುತಿಪೆಟ್ಟಿಗೆ ಕುಳಿತಿದೆ. ತಂತಿಯಿಲ್ಲ, ಗಾಳಿಯಿಲ್ಲ, ಆದರೂ ಷಡ್ಜ ಮೊಳಗುತ್ತದೆ. ಇಂಥ ನಾದಯಂತ್ರವನ್ನು ಮನೆಯಲ್ಲಿಯೇ ಕಟ್ಟಲು ಸಾಧ್ಯವೆ?

ಧಾರಾಳವಾಗಿ ಸಾಧ್ಯ. 1964ರಲ್ಲಿ ಅಮೆರಿಕದ ರಾಬರ್ಟ್ ಮೂಗ್ ಬಿಡಿಬಿಡಿ ಘಟಕಗಳನ್ನು ತಂತಿಯಿಂದ ಜೋಡಿಸುವ ಸಿಂಥಸೈಜರನ್ನು ರೂಪಿಸಿದರು. 1969ರಲ್ಲಿ ಅದು ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೂ ಬಂದಿತು. ಹತ್ತು ವರ್ಷಗಳ ಬಳಿಕ, 1979ರಲ್ಲಿ, ನಮ್ಮ ಬೆಂಗಳೂರಿನಲ್ಲಿಯೇ ಕೊಳಲುವಾದಕರೂ ಇಂಜಿನಿಯರರೂ ಆದ ಜಿ. ರಾಜ್ ನಾರಾಯಣ್ ಅವರು ವಿದ್ಯುತ್ ತಂಬೂರಿಯನ್ನು ತಯಾರಿಸಿದರು.

ಸಿಂಥಸೈಜರಿನ ಗುಟ್ಟು ಸರಳವಾದುದು. ಸ್ವರ ಹುಟ್ಟಿಸುವ ಘಟಕಕ್ಕೆ ಒಂದು ವೋಲ್ಟ್ ಹೆಚ್ಚು ಕೊಟ್ಟರೆ ನಾದವು ಒಂದು ಸ್ಥಾಯಿ ಮೇಲೇರುತ್ತದೆ. ಹಾಗಾದರೆ ಬೇಕಾದ ವೋಲ್ಟೇಜನ್ನು ಬೆರಳ ತುದಿಗೆ ತರುವುದೆಂತು? ಇಲ್ಲಿ ಮೂಲೆ ಸೇರಿದ ಕಂಪ್ಯೂಟರ್ ಕೀಲಿಮಣೆ ನೆರವಿಗೆ ಬರುತ್ತದೆ. ಗುಂಡು ಮೊನೆಯ ಹಳೆಯ ಮಾದರಿಯಾದರೆ ಇನ್ನೂ ಸುಲಭ. ಕೀಲಿಯನ್ನು ಒತ್ತಿದಾಗ ಒಂದು ಸಂಕೇತ, ಬಿಟ್ಟಾಗ ಇನ್ನೊಂದು ಸಂಕೇತ ಹೊರಡುತ್ತದೆ. ಆರ್ಡುಯಿನೋದಂಥ ಪುಟ್ಟ ಗಣಕ ಅದನ್ನು ಓದಿ, 'ಎ' ಒತ್ತಿದರೆ ಷಡ್ಜ, 'ಎಸ್' ಒತ್ತಿದರೆ ರಿಷಭ ಎಂದು ತಿಳಿಯುತ್ತದೆ. ಅದರ ಮಗ್ಗುಲಿಗಿರುವ ಪರಿವರ್ತಕ ಬಿಲ್ಲೆ 5 ವೋಲ್ಟನ್ನು 4096 ಮೆಟ್ಟಿಲುಗಳಾಗಿ ಹಂಚಿ, ಹೇಳಿದ ಮೆಟ್ಟಿಲನ್ನು ಒದಗಿಸುತ್ತದೆ.

ನಿಜವಾದ ಪರೀಕ್ಷೆ ಇರುವುದು ಇದರ ಮುಂದೆ. ಪಾಶ್ಚಾತ್ಯ ಪದ್ಧತಿಯಂತೆ ಸ್ಥಾಯಿಯನ್ನು 12 ಸಮಭಾಗ ಮಾಡಿದರೆ ಅಂತರ ಗಾಂಧಾರಕ್ಕೆ 0.3333 ವೋಲ್ಟ್ ಬರುತ್ತದೆ. ಆದರೆ ತಂಬೂರಿಯ ಮಂದ್ರ ಷಡ್ಜದಲ್ಲಿ ತಾನಾಗಿ ಕೇಳಿಸುವ ಗಾಂಧಾರದ ಪ್ರಮಾಣ ಐದಕ್ಕೆ ನಾಲ್ಕು. ಅದಕ್ಕೆ ಬೇಕಾದುದು 0.3219 ವೋಲ್ಟ್. ವ್ಯತ್ಯಾಸ ಸುಮಾರು 11 ಮಿಲಿವೋಲ್ಟ್, ಎಂದರೆ ಒಂಬತ್ತು ಮೆಟ್ಟಿಲು. ಲೆಕ್ಕಕ್ಕೆ ಅಲ್ಪವೆನಿಸಿದರೂ, ಶ್ರುತಿ ಬಲ್ಲ ಕಿವಿಗೆ ಅದು ಊಟದ ನಡುವೆ ಕಚ್ಚಿದ ಕಲ್ಲು.

ಅಂಗಡಿಯ ಅನೇಕ ವಾದ್ಯಗಳು ಸಮಭಾಗದ ಶ್ರುತಿಯಲ್ಲಿಯೇ ಬರುತ್ತವೆ. ನಾವೇ ಕಟ್ಟಿದುದರಲ್ಲಿಯಾದರೋ 273ನೆಯ ಮೆಟ್ಟಿಲನ್ನು ಅಳಿಸಿ 264 ಎಂದು ಬರೆದರೆ ಮುಗಿಯಿತು. ಗಾಂಧಾರ ತನ್ನ ಮನೆಗೆ ಮರಳುತ್ತದೆ.

ಹಾಗೆಂದು ನೆಮ್ಮದಿಯಾಗಿ ಕೂರುವಂತಿಲ್ಲ. ಸ್ವರ ಹುಟ್ಟಿಸುವ ಟ್ರಾನ್ಸಿಸ್ಟರುಗಳಿಗೆ ಸೆಕೆ ತಾಗಿದರೆ ಶ್ರುತಿ ಜಾರುತ್ತದೆ. ಕರಾವಳಿಯ ಬೇಸಗೆಯಲ್ಲಿ, ಮದ್ದಳೆಯನ್ನು ತಟ್ಟಿ ತಟ್ಟಿ ಶ್ರುತಿಗೆ ತರುವಂತೆ, ಇದರ ತಿರುಪನ್ನೂ ಆಗಾಗ ತಿರುವಬೇಕು. ಯಂತ್ರ ಯಾವುದೇ ಆಗಲಿ, ಕೊನೆಯ ತೀರ್ಪು ಕಿವಿಯದೇ ಅಲ್ಲವೆ?