ಬ್ಯಾಟರಿ ಸತ್ತರೂ ಸಾಯದ ಕಿಡಿ

ಓದುಗರೊಬ್ಬರು ಕೇಳಿದ್ದಾರೆ: “ಬೆಳಿಗ್ಗೆ ನನ್ನ ಕಾರಿನ ಬ್ಯಾಟರಿ ಕೈಕೊಟ್ಟಿತು. ನಾಲ್ಕು ಜನರಿಂದ ತಳ್ಳಿಸಿ ಸ್ಟಾರ್ಟ್ ಮಾಡಿದೆ. ಒಂದೇ ಎಂಜಿನ್ನಿನ ಸಣ್ಣ ವಿಮಾನಕ್ಕೆ ಆಕಾಶದಲ್ಲಿ ಹೀಗಾದರೆ ಗತಿಯೇನು?”

ಎಂಜಿನ್ನಿಗೆ ಏನೂ ಆಗದು. ಬ್ಯಾಟರಿಯ ಜೊತೆಗೆ ಆಲ್ಟರ್ನೇಟರೂ ಸತ್ತರೆ ರೇಡಿಯೊ ಮೂಕವಾಗುತ್ತದೆ, ದೀಪ ಆರುತ್ತದೆ. ಪ್ರೊಪೆಲರ್ ಮಾತ್ರ ತಿರುಗುತ್ತಲೇ ಇರುತ್ತದೆ. ಹಾರಾಟ ಕಲಿಸುವ ಶಾಲೆಗಳಲ್ಲಿ ಕಾಣುವ ಸೆಸ್ನಾ 172ರಂಥ ವಿಮಾನಗಳಲ್ಲಿ ಇಂಧನಕ್ಕೆ ಕಿಡಿ ಹೊತ್ತಿಸುವುದು ಬ್ಯಾಟರಿಯಲ್ಲ, ಮ್ಯಾಗ್ನೆಟೊ.

ಮ್ಯಾಗ್ನೆಟೊ ಅರ್ಥವಾಗಬೇಕಾದರೆ ಅಡಿಕೆ ತೋಟಕ್ಕೆ ಬನ್ನಿ. ಕಳೆ ಕೊಚ್ಚುವ ಮೆಷಿನ್ನಿಗೆ ಬ್ಯಾಟರಿ ಇಲ್ಲ. ಹಗ್ಗ ಎಳೆದರೆ ಚಕ್ರಕ್ಕೆ ಅಂಟಿದ ಅಯಸ್ಕಾಂತ ತಂತಿಸುರುಳಿಯ ಮುಂದೆ ಸರಕ್ಕನೆ ಹಾದುಹೋಗುತ್ತದೆ, ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ, ಪ್ಲಗ್ಗಿನ ತುದಿಯಲ್ಲಿ ಕಿಡಿ ಹಾರುತ್ತದೆ. 1831ರಲ್ಲಿ ಫ್ಯಾರಡೆ ಕಂಡುಕೊಂಡದ್ದು ಇದನ್ನೇ. ಎಂಜಿನ್ ತಿರುಗುವಷ್ಟು ಹೊತ್ತೂ ತನ್ನ ಕಿಡಿಯನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ.

ಇನ್ನು ಅದನ್ನು ನಿಲ್ಲಿಸುವ ಗುಂಡಿ. ಅದನ್ನು ಒತ್ತಿದರೆ ಕರೆಂಟು ಕಡಿದುಹೋಗುತ್ತದೆ ಎಂದು ನಾನು ಬಹಳ ಕಾಲ ನಂಬಿದ್ದೆ. ಆಗುವುದು ತಿರುಗುಮುರುಗು. ಗುಂಡಿ ಸುರುಳಿಯ ತಂತಿಯನ್ನು ಎಂಜಿನ್ನಿನ ಲೋಹದ ಮೈಗೆ ಜೋಡಿಸುತ್ತದೆ. ಹುಟ್ಟಿದ ವಿದ್ಯುತ್ತು ಪ್ಲಗ್ಗಿಗೆ ಹೋಗದೆ ಅಲ್ಲೇ ಸೋರಿಹೋಗುತ್ತದೆ. ಹೋದ ಮಳೆಗಾಲ ನಮ್ಮ ಮೆಷಿನ್ನಿನ ಈ ತಂತಿಯನ್ನು ಇಲಿ ಕಡಿದಿತ್ತು. ಗುಂಡಿ ಎಷ್ಟು ಒತ್ತಿದರೂ ಬ್ಲೇಡು ತಿರುಗುತ್ತಲೇ ಇತ್ತು. ಕೊನೆಗೆ ಚೋಕ್ ಮುಚ್ಚಿ, ಉಸಿರುಕಟ್ಟಿಸಿ ನಿಲ್ಲಿಸಿದೆವು.

ಕಾರಿನ ಇಗ್ನಿಷನ್ ತಂತಿ ತುಂಡಾದರೆ ಎಂಜಿನ್ ನಿಲ್ಲುತ್ತದೆ. ಮ್ಯಾಗ್ನೆಟೊದ ಸ್ವಿಚ್ ತಂತಿ ತುಂಡಾದರೆ ಎಂಜಿನ್ ನಿಲ್ಲುವುದೇ ಇಲ್ಲ. ಐದು ಸಾವಿರ ಅಡಿ ಎತ್ತರದಲ್ಲಿ ಇದಕ್ಕಿಂತ ದೊಡ್ಡ ವರ ಇಲ್ಲ. ಅದೇ ಗುಣ ನೆಲದ ಮೇಲೆ ಪ್ರಾಣಕ್ಕೆ ಎರವಾಗಬಲ್ಲದು.

ಇದರ ಚರಿತ್ರೆಯೂ ಸೊಗಸಾಗಿದೆ. ಜರ್ಮನಿಯ ರಾಬರ್ಟ್ ಬಾಷ್ 1887ರಲ್ಲಿ ಗಿರಾಕಿಯೊಬ್ಬರ ಎಂಜಿನ್ನಿಗಾಗಿ ಮ್ಯಾಗ್ನೆಟೊ ಮಾಡಿಕೊಟ್ಟರು. ಅವರ ಬಳಿ ದುಡಿಯುತ್ತಿದ್ದ ಗಾಟ್ಲೋಬ್ ಹೊನೋಲ್ಡ್ 1902ರಲ್ಲಿ ಸ್ಪಾರ್ಕ್ ಪ್ಲಗ್ಗಿಗೆ ಬೇಕಾದ ಹೆಚ್ಚಿನ ವೋಲ್ಟೇಜು ಕೊಡುವ ಮ್ಯಾಗ್ನೆಟೊ ರೂಪಿಸಿದರು. ಬೆಂಗಳೂರಿಗರ ಬಾಯಲ್ಲಿ ಇಂದಿಗೂ ಮೈಕೊ ಆಗಿಯೇ ಉಳಿದಿರುವ ಆಡುಗೋಡಿಯ ಬಾಷ್ ಕಂಪನಿಯ ಲಾಂಛನ ನೋಡಿ: ವೃತ್ತದೊಳಗಿನ ಆ ಆಕೃತಿ ಮ್ಯಾಗ್ನೆಟೊದ ಆರ್ಮೆಚರ್. 1903ರ ಡಿಸೆಂಬರ್‌ನಲ್ಲಿ ರೈಟ್ ಸಹೋದರರು ಹಾರಿದಾಗ ಎಂಜಿನ್ ಶುರುಮಾಡಲು ಬಳಸಿದ ಬ್ಯಾಟರಿ ನೆಲದ ಮೇಲೆಯೇ ಉಳಿಯಿತು. ಮೇಲಕ್ಕೆ ಹೋದದ್ದು ಮ್ಯಾಗ್ನೆಟೊ.

ಸೆಸ್ನಾದಂಥ ಇಂದಿನ ವಿಮಾನದಲ್ಲಿ ಎರಡು ಮ್ಯಾಗ್ನೆಟೊ, ಪ್ರತಿ ಸಿಲಿಂಡರಿಗೂ ಎರಡು ಪ್ಲಗ್. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 2400 ಸುತ್ತು ತಿರುಗುವಾಗ ಒಂದೊಂದು ಮ್ಯಾಗ್ನೆಟೊ ಸೆಕೆಂಡಿಗೆ 80 ಕಿಡಿ ಹಾರಿಸುತ್ತದೆ. ಮೇಲೇರುವ ಮುನ್ನ ಪೈಲಟ್ ಒಂದೊಂದನ್ನೇ ಆಫ್ ಮಾಡಿ ನೋಡುತ್ತಾರೆ. ವೇಗ ನೂರರ ಆಸುಪಾಸು ಸುತ್ತು ಕುಸಿಯಬೇಕು. ಒಂಚೂರೂ ಕುಸಿಯದಿದ್ದರೆ ಖುಷಿಪಡುವಂತಿಲ್ಲ. ಆಫ್ ಮಾಡಿದ್ದು ಆಫ್ ಆಗಿಲ್ಲ, ತಂತಿ ತುಂಡಾಗಿದೆ ಎಂಬ ಗುಮಾನಿ ಬರಬೇಕು.

ಈಗ ಸತ್ತ ಬ್ಯಾಟರಿಯ ಪ್ರಶ್ನೆಗೆ ಮರಳೋಣ. ಸ್ಟಾರ್ಟರ್ ತಿರುಗದಿದ್ದರೆ ಪ್ರೊಪೆಲರನ್ನು ಕೈಯಲ್ಲಿ ತಿರುವಬಹುದು. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗಿ 1958ರಲ್ಲಿ ಮೊದಲು ಹಾರಿದ ‘ಪುಷ್ಪಕ್’ ವಿಮಾನಗಳನ್ನು ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಹೀಗೆಯೇ ಸ್ಟಾರ್ಟ್ ಮಾಡುತ್ತಿದ್ದರು. ಒಳಗೊಬ್ಬ ಪೈಲಟ್, ಹೊರಗೊಬ್ಬ ಪಳಗಿದ ಕೆಲಸಗಾರ, ಇಬ್ಬರ ನಡುವೆ ಕೂಗಿ ಹೇಳಿ ಮರುಕೂಗು ಪಡೆಯುವ ಕಟ್ಟುನಿಟ್ಟು. ಒಂಟಿಯಾಗಿ ಈ ಕೆಲಸಕ್ಕೆ ಕೈಹಾಕಿದವರ ವಿಮಾನಗಳು ಆಳಿಲ್ಲದೆ ಓಡಿಹೋದದ್ದುಂಟು.

ಕೈವೇಗ ಕಿಡಿಗೆ ಸಾಲದು ಎನಿಸಬಹುದು. ಅದಕ್ಕೆಂದೇ ಮ್ಯಾಗ್ನೆಟೊದೊಳಗೆ ಒಂದು ಸ್ಪ್ರಿಂಗ್ ಇದೆ. ಪ್ರೊಪೆಲರನ್ನು ನಿಧಾನವಾಗಿ ತಿರುವಿದರೆ ಸ್ಪ್ರಿಂಗ್ ಬಿಗಿಯುತ್ತಾ ಹೋಗಿ ‘ಟಕ್’ ಎಂದು ಬಿಚ್ಚಿಕೊಳ್ಳುತ್ತದೆ. ಆ ಕ್ಷಣ ಅಯಸ್ಕಾಂತ ಗಿರ್ರನೆ ತಿರುಗಿ ಪೂರ್ತಿ ಬಲದ ಕಿಡಿ ಹಾರುತ್ತದೆ. ಸ್ವಿಚ್ ತಂತಿ ತುಂಡಾಗಿದ್ದು ಸಿಲಿಂಡರಿನಲ್ಲಿ ತುಸು ಇಂಧನ ಉಳಿದಿದ್ದರೆ, ಕೀಲಿ ಪೈಲಟ್‌ನ ಜೇಬಿನಲ್ಲಿದ್ದರೂ ಪ್ರೊಪೆಲರ್ ಬೀಸಿಬಿಡುತ್ತದೆ. ಇಳಿದ ಮೇಲೆ ಪೈಲಟ್‌ಗಳು ಮೊದಲು ಇಂಧನ ತಡೆದು ಎಂಜಿನ್ ನಿಲ್ಲಿಸಿ, ಆಮೇಲೆ ಕೀಲಿ ತಿರುಗಿಸುವುದು ಇದಕ್ಕೇ. ನಾವು ಚೋಕ್ ಮುಚ್ಚಿದಂತೆಯೇ ಅದೂ.

ಕೈಯಿಂದ ಎಬ್ಬಿಸಿದರೂ ತಾಪತ್ರಯ ಮುಗಿಯದು. ಪೂರ್ತಿ ಸತ್ತ ಬ್ಯಾಟರಿಯಿಂದ ಆಲ್ಟರ್ನೇಟರಿಗೆ ಶುರುವಾಗಲು ಬೇಕಾದ ಮೊದಲ ಕರೆಂಟೂ ಸಿಗದೆ ಚಾರ್ಜಿಂಗ್ ನಡೆಯದೇ ಹೋಗಬಹುದು. ಕಂಪ್ಯೂಟರಿನ ಹಿಡಿತದಲ್ಲಿ ಓಡುವ ಹೊಸ ಎಂಜಿನ್ನುಗಳಿಗಂತೂ ಮ್ಯಾಗ್ನೆಟೊದ ಅಭಯ ಇಲ್ಲ. 2007ರ ಮಾರ್ಚ್‌ನಲ್ಲಿ ಜರ್ಮನಿಯ ಸ್ಪೈಯರ್‌ನಲ್ಲಿ ಬ್ಯಾಟರಿ ಬರಿದಾಗಿದ್ದ ಡೈಮಂಡ್ ಡಿಎ42 ವಿಮಾನವನ್ನು ಹೊರಗಿನ ವಿದ್ಯುತ್ತಿನಿಂದ ಸ್ಟಾರ್ಟ್ ಮಾಡಿ ಹಾರಿಸಿದರು. ಚಕ್ರ ಮಡಿಸಲು ಸ್ವಿಚ್ ಹಾಕಿದೊಡನೆ ವೋಲ್ಟೇಜು ಕುಸಿದು, ಕಂಪ್ಯೂಟರುಗಳು ಕಣ್ಣುಮುಚ್ಚಿ, ಎರಡೂ ಡೀಸೆಲ್ ಎಂಜಿನ್ ನಿಂತವು. ವಿಮಾನ ನೆಲಕ್ಕೆ ಬಿತ್ತು.

ಹಾಗಾಗಿ ನನ್ನ ತೀರ್ಪು ಇಷ್ಟೇ: ಸತ್ತ ಬ್ಯಾಟರಿಯನ್ನು ವಿಮಾನದಿಂದಿಳಿಸಿ, ಚಾರ್ಜ್ ಮಾಡಿ ಪರೀಕ್ಷಿಸಬೇಕು, ಇಲ್ಲವೇ ಬದಲಾಯಿಸಬೇಕು. ಒಂದು ದಿನದ ಹಾರಾಟ ತಪ್ಪಿದರೆ ತಪ್ಪಲಿ. ಮಕ್ಕಳನ್ನು ಬೆಂಗಳೂರಿನ ಜಕ್ಕೂರು ವಿಮಾನ ಮೈದಾನಕ್ಕೋ ವೈಮಾನಿಕ ಪ್ರದರ್ಶನಕ್ಕೋ ಕರೆದೊಯ್ದಾಗ, ನಿಂತ ವಿಮಾನದ ಪ್ರೊಪೆಲರ್ ಹಿಡಿದು ಫೋಟೊ ತೆಗೆಸಿಕೊಳ್ಳಲು ದಯವಿಟ್ಟು ಬಿಡಬೇಡಿ.