ಮನೆ ಮುರಿದ ಮೇಲೆ ಸಿಕ್ಕ ಮನೆ

ಅಮೆರಿಕದ ದಕ್ಷಿಣ ಸೀಮೆಯಲ್ಲೊಂದು ಸಣ್ಣ ಪಟ್ಟಣ. ಅಲ್ಲಿ ತಾಯಿಯಿಲ್ಲದ ಒಬ್ಬ ಹುಡುಗಿ. ಅವಳಿಗೊಬ್ಬ ಅಣ್ಣ, ವಕೀಲನಾದ ತಂದೆ, ಮನೆಯನ್ನು ನಡೆಸುವ ಕರಿಯ ಹೆಂಗಸು ಕ್ಯಾಲ್ಪೂರ್ನಿಯ. ಹಾರ್ಪರ್ ಲೀ ೧೯೬೦ರಲ್ಲಿ ಪ್ರಕಟಿಸಿದ ‘ಟು ಕಿಲ್ ಎ ಮಾಕಿಂಗ್‌ಬರ್ಡ್’ ಕಾದಂಬರಿಯ ಸಂಸಾರವಿಷ್ಟೆ. ನಿರಪರಾಧಿಯಾದ ಕರಿಯನೊಬ್ಬನಿಗೆ ಊರಿನವರೇ ಅನ್ಯಾಯದ ಶಿಕ್ಷೆ ವಿಧಿಸುವುದನ್ನು ಹುಡುಗಿ ಕಣ್ಣಾರೆ ಕಾಣುತ್ತಾಳೆ. ಕೊನೆಯಲ್ಲಿ, ತಾನು ಹೆದರುತ್ತಿದ್ದ ನೆರೆಮನೆಯವನ ಜಗಲಿಯ ಮೇಲೆ ನಿಂತು ತನ್ನದೇ ಬೀದಿಯನ್ನು ನೋಡುತ್ತಾಳೆ. ಅದೇ ಬೀದಿ, ಆದರೆ ಬೇರೆ ಬೀದಿ. ಮಗು ದೊಡ್ಡದಾಗುವುದೆಂದರೆ ಬಹುಶಃ ಹೀಗೆಯೇ.

ಇಂಥ ಕಥೆ ಕನ್ನಡದಲ್ಲಿ ಎಲ್ಲಿದೆಯೆಂದು ಯಾರಾದರೂ ಕೇಳಿದರೆ ನನ್ನ ಕೈ ತಾನಾಗಿ ಹೋಗುವುದು ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ದ ಕಡೆಗೆ. ಅದು ಬಂದದ್ದು ೧೯೭೦ರಲ್ಲಿ. ಅದರ ಕಾಲವೂ ಸುಮಾರು ಅದೇ. ೧೯೨೦ರ ದಶಕದಿಂದ ಮುಂದಿನ ಎರಡು ದಶಕಗಳು. ಸ್ಥಳ ಮಾತ್ರ ತಿಪಟೂರು ಸೀಮೆಯ ರಾಮಸಂದ್ರ. ಆದರೆ ಇದು ಹುಡುಗ ವಿಶ್ವನ ಕಾದಂಬರಿಯೆ, ಅಥವಾ ಅವನ ತಾಯಿ ನಂಜಮ್ಮನದೆ? ಮುಕ್ಕಾಲು ಪಾಲು ನಂಜಮ್ಮನದೇ ಎಂಬುದನ್ನು ಒಪ್ಪಲೇಬೇಕು. ಹೊಟ್ಟೆಬಾಕನೂ ನಿಷ್ಪ್ರಯೋಜಕನೂ ಆದ ಶ್ಯಾನುಭೋಗ ಗಂಡ ಚೆನ್ನಿಗರಾಯನ ಲೆಕ್ಕಪತ್ರಗಳನ್ನು ಆಕೆಯೇ ಬರೆಯುತ್ತಾಳೆ. ಮುತ್ತುಗದೆಲೆ ಹಚ್ಚಿ ಮಾರುತ್ತಾಳೆ. ಅತ್ತೆ ಗಂಗಮ್ಮನ ಬಾಯಿಗೆ ಕಿವಿಯಾಗುತ್ತಾಳೆ. ಆದರೆ ಪುಸ್ತಕದ ಕೊನೆಯ ಪುಟ ಮುಗಿಸಿ ಮತ್ತೆ ಮೊದಲಿನಿಂದ ಓದಿ ನೋಡಿ: ಇಷ್ಟೆಲ್ಲವನ್ನೂ ನೋಡುತ್ತ ಬೆಳೆದ ಎರಡು ಕಣ್ಣುಗಳು ಯಾರವು ಎಂಬುದು ಆಗ ತಿಳಿಯುತ್ತದೆ.

ಪ್ಲೇಗಿನ ವಿಷಯವಾಗಿ ಒಂದು ಮಾತು ಹೇಳಬೇಕು, ಇಂದಿನ ಓದುಗರಿಗೆ ಅದರ ಭಯ ಮರೆತುಹೋಗಿದೆ. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಈ ಬೇನೆ ರೈಲುಹಾದಿಗಳನ್ನು ಹಿಡಿದು ಒಳನಾಡಿಗೆ ಇಳಿಯಿತು. ಮೊದಲು ಇಲಿಗಳು ಸಾಯುತ್ತವೆ. ಸತ್ತ ಇಲಿಯನ್ನು ಬಿಟ್ಟ ಚಿಗಟ ಮನುಷ್ಯನನ್ನು ಕಚ್ಚುತ್ತದೆ. ತೊಡೆಸಂದಿಯಲ್ಲೋ ಕಂಕುಳಲ್ಲೋ ಗಡ್ಡೆ ಏಳುತ್ತದೆ. ಆದ್ದರಿಂದ ‘ಇಲಿ ಬಿತ್ತು’ ಎಂದರೆ ಊರು ಬಿಟ್ಟು ಹೊರಗೆ ಗುಡಿಸಲು ಹಾಕಬೇಕೆಂದೇ ಅರ್ಥ. ಇದನ್ನು ಗುಣಪಡಿಸುವ ನಂಬಿಕೆಯ ಔಷಧಿ ಸಿಕ್ಕದ್ದು ೧೯೪೦ರ ದಶಕದಲ್ಲಿ. ‘ಗೃಹಭಂಗ’ದಲ್ಲಿ ಮದುವೆಯಾಗಿದ್ದ ಮಗಳು ಪಾರ್ವತಿಯನ್ನೂ ಓದುತ್ತಿದ್ದ ಮಗ ರಾಮಣ್ಣನನ್ನೂ ಪ್ಲೇಗು ಒಯ್ಯುತ್ತದೆ, ಮುಂದೆ ತಾಯಿಯೂ ಅದಕ್ಕೇ ತುತ್ತಾಗುತ್ತಾಳೆ. ಭೈರಪ್ಪನವರು ಇಲ್ಲಿ ಅಳುವುದಿಲ್ಲ, ಅಳಿಸಲು ಹವಣಿಸುವುದೂ ಇಲ್ಲ. ಲೆಕ್ಕ ಬರೆದಂತೆ ಬರೆಯುತ್ತಾರೆ. ಅದಕ್ಕೇ ಆ ಪುಟಗಳನ್ನು ಮುಚ್ಚಿಟ್ಟು ಸ್ವಲ್ಪ ಹೊತ್ತು ಅಂಗಳದಲ್ಲಿ ಅಡ್ಡಾಡಬೇಕೆನಿಸುತ್ತದೆ.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಕುಳಿತು ಓದುವವರಿಗೆ ಈ ಪುಸ್ತಕದ ಕೆಲವು ಮಾತು ಮೊದಲಿಗೆ ಪರಕೀಯವೆನಿಸಬಹುದು. ಅಲ್ಲಿನ ಶ್ಯಾನುಭೋಗ ನಮ್ಮಲ್ಲಿ ಕುಲಕರ್ಣಿ. ಅಲ್ಲಿನ ಪಟೇಲ ನಮ್ಮಲ್ಲಿ ಪಾಟೀಲ. ರಾಗಿಮುದ್ದೆಯ ಜಾಗದಲ್ಲಿ ಜೋಳದ ರೊಟ್ಟಿ. ‘ಅಮ್ಮ’ನ ಜಾಗದಲ್ಲಿ ‘ಯವ್ವ’. ಇಷ್ಟು ಬದಲಿಸಿಕೊಂಡರೆ ರಾಮಸಂದ್ರ ನಮ್ಮದೇ ಊರು. ೧೮೭೪ರಲ್ಲಿ ಸಿಕಂದರಾಬಾದಿನಿಂದ ವಾಡಿಗೆ ನಿಜಾಮನ ರೈಲು ಬಂದಂದಿನಿಂದ ಈ ಹಾದಿಯಲ್ಲಿ ಎಷ್ಟು ಮನೆಗಳು ಮುರಿದಿವೆ, ಎಷ್ಟು ಕೂಡಿವೆ! ಶಹಾಬಾದದ ಕಲ್ಲಿನ ಗಣಿಗಳಿಗೆ, ವಾಡಿಯ ಸಿಮೆಂಟಿಗೆ ದುಡಿಯಲು ಬಂದವರ ಮಕ್ಕಳು ಇನ್ನೊಬ್ಬರ ಓಣಿಯಲ್ಲಿ ಬೆಳೆದರು.

ನಮ್ಮ ಭಾಗದ ಹುಡುಗನಿಗೆ ಇನ್ನೂ ಒಂದು ಕೊರತೆಯಿತ್ತು. ‘ಕವಿರಾಜಮಾರ್ಗ’ ಹುಟ್ಟಿದ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಇಂದಿನ ಸೇಡಂ ತಾಲ್ಲೂಕಿನ ಮಳಖೇಡ. ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಎಲ್ಲೆ ಗುರುತಿಸಿದ ಗ್ರಂಥವದು. ಆ ಮಣ್ಣಿನ ಮೇಲೆಯೇ ೧೯೪೮ರವರೆಗೆ ಮೇಲಿನ ತರಗತಿಗಳ ಓದು ಉರ್ದುವಿನಲ್ಲಿ ನಡೆಯುತ್ತಿತ್ತು. (ಉರ್ದು ಕಲಿತದ್ದು ನಷ್ಟವೇನಲ್ಲ, ತಾಯಿಯ ಮಾತು ಶಾಲೆಯ ಹೊಸ್ತಿಲಲ್ಲಿ ನಿಲ್ಲಬೇಕಾದದ್ದು ನಷ್ಟ.) ಈ ಸೀಮೆ ೧೯೫೬ರ ನವೆಂಬರ್ ೧ರಂದು ಉಳಿದ ಕನ್ನಡ ನಾಡನ್ನು ಸೇರಿತು. ಮನೆಯಲ್ಲಿದ್ದೂ ಮನೆಯವನಲ್ಲದ ವಿಶ್ವನ ಸಂಕಟ ನಮಗೆ ಬೇಗ ಅರ್ಥವಾಗುವುದು ಇದರಿಂದಲೂ ಇರಬಹುದು. ನಮ್ಮ ಸೀಮೆಯ ಜೀವನ ನಮ್ಮದೇ ಆಡುಮಾತಿನಲ್ಲಿ ಬೇಕೆನ್ನುವವರು ಗೀತಾ ನಾಗಭೂಷಣ ಅವರ ‘ಬದುಕು’ ಓದಬೇಕು. ೨೦೦೪ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು.

ಹಾಗಾದರೆ ‘ಗೃಹಭಂಗ’ದಲ್ಲಿ ಬೆಚ್ಚನೆಯದೇನೂ ಇಲ್ಲವೆ? ಇದೆ, ರಕ್ತಸಂಬಂಧದ ಹೊರಗೂ ಇದೆ. ನಂಜಮ್ಮನ ಮುದಿ ಅಜ್ಜಿ ಅಕ್ಕಮ್ಮ ಒಂದು ನೆರಳು. ಇನ್ನೊಂದು, ಊರ ಗುಡಿಯಲ್ಲಿದ್ದು ಭಿಕ್ಷೆ ಬೇಡಿ ಹಾಡಿಕೊಂಡಿದ್ದ ಮಹಾದೇವಯ್ಯನವರು. ಇವರು ಜಂಗಮರು, ಹುಡುಗ ಬ್ರಾಹ್ಮಣರವನು. ತಂದೆ ಬದುಕಿದ್ದಾನೆ, ಸೋದರಮಾವನ ಮನೆಯಿದೆ. ಎರಡೂ ಕಡೆ ಹುಡುಗನಿಗೆ ನೆಲೆಯಿಲ್ಲ. ಕೈಹಿಡಿದು ಕರೆದೊಯ್ಯುವವರು ಕುಲವೂ ಕುಟುಂಬವೂ ಇಲ್ಲದ ಈ ಅಯ್ಯನವರು. ಶರಣಬಸವೇಶ್ವರರ ದಾಸೋಹವನ್ನು ಕೇಳಿ ಬಲ್ಲ ಕಲಬುರಗಿ ಸೀಮೆಯ ಓದುಗನಿಗೆ ಈ ಅಯ್ಯನವರ ಪರಿಚಯವನ್ನು ಯಾರೂ ಮಾಡಿಕೊಡಬೇಕಾಗಿಲ್ಲ. ಹಾರ್ಪರ್ ಲೀಯವರ ಹುಡುಗಿಗೆ ತಂದೆಯ ತೊಡೆಯಿತ್ತು. ವಿಶ್ವನಿಗೆ ಸಿಕ್ಕದ್ದು ಒಂದು ಜೋಳಿಗೆಯ ಆಸರೆ. ನನಗೆ ಎರಡನೆಯದೇ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ.

ಇಬ್ಬರೂ ಊರು ಬಿಟ್ಟು ನಡೆಯುವಲ್ಲಿ ಕಾದಂಬರಿ ನಿಲ್ಲುತ್ತದೆ. ವಿಶ್ವ ಮುಂದೇನಾದ ಎಂದು ಕೇಳುವವರಿಗೆ ಅದರಲ್ಲಿ ಉತ್ತರವಿಲ್ಲ. ಚಿಕ್ಕಂದಿನಲ್ಲಿಯೇ ತಾಯಿಯನ್ನು ಪ್ಲೇಗಿಗೆ ಕಳೆದುಕೊಂಡು ಬಡತನದಲ್ಲಿ ಓದಿದ ಭೈರಪ್ಪನವರು ೧೯೯೬ರಲ್ಲಿ ತಮ್ಮ ಆತ್ಮಕಥೆ ‘ಭಿತ್ತಿ’ಯನ್ನು ಪ್ರಕಟಿಸಿದರು, ೨೦೨೫ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಎರಡನ್ನೂ ಓದಬೇಕೆನ್ನುವವರು ಮೊದಲು ‘ಗೃಹಭಂಗ’ವನ್ನೇ ಎತ್ತಿಕೊಳ್ಳಲಿ; ‘ಭಿತ್ತಿ’ ಕಾಯುತ್ತದೆ.